ಬೀಗ ಬಿಡಿ, ಸಾಕ್ಷಿ ಹಿಡಿಯಿರಿ!



ರಾತ್ರಿಯೆಲ್ಲ ಕೂತು ನಿಮ್ಮ ಆನ್‌ಲೈನ್ ಆಟಕ್ಕೆ ಒಂದೊಂದೇ ಚಿತ್ರ ಬರೆದಿದ್ದೀರಿ. ಬೆಳಗಾಗುವಷ್ಟರಲ್ಲಿ ಯಾವನೋ ಎತ್ತಿಕೊಂಡು ತನ್ನ ಆಟಕ್ಕೆ ಅಂಟಿಸಿದ್ದಾನೆ. ರೈಟ್ ಕ್ಲಿಕ್ ತಡೆದರೆ ಉಳಿಯುತ್ತದೆಯೇ? ಆಟಗಾರನ ಪರದೆಗೆ ಹೋದ ಚಿತ್ರ ಅವನ ಕಂಪ್ಯೂಟರಿಗೂ ಹೋಗಿರುತ್ತದೆ!

ಕಳ್ಳನ ಬಳಿ ಇರುವುದು ಕೊನೆಯ ಚಿತ್ರ. ಪೆನ್ಸಿಲ್ ಗೀಚು, ಪದರ ಪದರವಾದ ಮೂಲ ಫೈಲು ನಿಮ್ಮಲ್ಲಿ ಮಾತ್ರ. ತಾರೀಖು ಸಮೇತ ಕಾಪಾಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಗೆಳೆಯನಿಂದ ಬರೆಸಿದಿರೋ, ಹಕ್ಕನ್ನು ಬರಹದಲ್ಲೇ ಪಡೆಯಿರಿ. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕಷ್ಟೇ. ನಮ್ಮ ಹುಡುಗರು ಎಡವುವುದು ಇಲ್ಲೇ, 'ನಮ್ಮವನೇ ಬಿಡು' ಅಂತ.

ದೊಡ್ಡವರ ಎದುರು ಆಗುತ್ತದೆಯೇ ಅಂತೀರಾ? ಅಮೆರಿಕದ ಪುಟ್ಟ ಕಂಪನಿ ಸ್ಪ್ರೈ ಫಾಕ್ಸ್. ತನ್ನ 'ಟ್ರಿಪಲ್ ಟೌನ್' ಆಟದ ಕರಡಿಗಳ ಜಾಗದಲ್ಲಿ ಯೇತಿಗಳನ್ನಿಟ್ಟು 'ಯೇತಿ ಟೌನ್' ತಂದವರ ಮೇಲೆ 2012ರಲ್ಲಿ ಮೊಕದ್ದಮೆ ಹೂಡಿತು. ಅದೇ ವರ್ಷ ರಾಜಿಯಾಗಿ 'ಯೇತಿ ಟೌನ್' ಆಟವೇ ಇವರದಾಯಿತು!

ನಮ್ಮಲ್ಲಿ ಗೊತ್ತಿದ್ದೂ ಕದ್ದವನಿಗೆ 63ನೇ ಕಲಮಿನಡಿ 3 ವರ್ಷದವರೆಗೆ ಜೈಲು. ಠಾಣೆಗೆ ಹೋಗಿ. ಮೂಲ ಫೈಲಿನ ಪ್ರತಿ ಲಗತ್ತಿಸಿ, ದೂರನ್ನು ಕನ್ನಡದಲ್ಲೇ ಬರೆದು ಕೊಡಿ. ಸ್ವೀಕೃತಿ ಕೇಳಿ ಪಡೆಯಿರಿ.