ಭೂಮಿಯಲ್ಲಿ ಹಣ ಹೂಡುವ ಮುನ್ನ

(ಕೊಡಿಗೇನಹಳ್ಳಿಯಲ್ಲಿ ಜರುಗಿದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಜಯಮಂಗಲಿಯ ಈ ಬಯಲಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಈ ಹೋಬಳಿ ಕೇಂದ್ರದಲ್ಲಿ ಇಂದು ನಾವು ಸೇರಿರುವುದು ಹಣದ ಬಗ್ಗೆ ಮಾತನಾಡುವುದಕ್ಕಾಗಿ. ಹಣದ ಬಗ್ಗೆ ಬಹಿರಂಗವಾಗಿ ಮಾತನಾಡಲು ನಮ್ಮ ಸಮುದಾಯಕ್ಕೆ ಒಂದು ಬಗೆಯ ಸಂಕೋಚವಿದೆ. ಬಡ್ಡಿ ನಿಷಿದ್ಧವೆಂದು ಹೇಳಿ ಮುಗಿಸುತ್ತೇವೆ. ಆದರೆ ಕೊಲ್ಲಿಯಿಂದ ಮಗ ಕಳುಹಿಸಿದ ಹಣವನ್ನು, ನಿವೃತ್ತಿಯ ದಿನ ಕೈಗೆ ಬಂದ ಇಡಿಗಂಟನ್ನು, ವಿಧವೆಯೊಬ್ಬಳ ಬಳಿ ಉಳಿದಿರುವ ಚಿನ್ನದ ಬೆಲೆಯನ್ನು ಎಲ್ಲಿ ಹೂಡಬೇಕೆಂದು ಯಾರೂ ಹೇಳುವುದಿಲ್ಲ. ಈ ಮೌನದ ಲಾಭ ಪಡೆದವರು ಯಾರು ಎಂಬುದನ್ನು ನಾವು 2019ರಲ್ಲಿ ಕಂಡೆವು.

ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐ.ಎಂ.ಎ. ಎಂಬ ಸಂಸ್ಥೆ 2006ರಲ್ಲಿ ಹುಟ್ಟಿ, ‘ಹಲಾಲ್ ಹೂಡಿಕೆ’ಯ ಹೆಸರಿನಲ್ಲಿ ಬೆಳೆದು, 2019ರ ಜೂನ್‌ನಲ್ಲಿ ಕುಸಿಯಿತು. ಅದರ ಮುಖ್ಯಸ್ಥ ದುಬೈಗೆ ಪಲಾಯನ ಮಾಡಿ, ಜುಲೈಯಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧಿತನಾದ. 40 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಸುಮಾರು 4,000 ಕೋಟಿ ರೂಪಾಯಿಗಳ ವಂಚನೆಯ ಮಾತು ಕೇಳಿಬಂತು. ಹಣ ಕಳೆದುಕೊಂಡವರಲ್ಲಿ ಬಹುಪಾಲು ನಮ್ಮವರೇ. ಬಡ್ಡಿಯಿಂದ ದೂರವಿರಬೇಕೆಂಬ ಅವರ ನಿಷ್ಠೆ ತಪ್ಪಾಗಿರಲಿಲ್ಲ. ಹಲಾಲ್ ಎಂಬ ಪದವನ್ನು ಕೇಳಿದೊಡನೆ ಪ್ರಶ್ನಿಸುವುದನ್ನು ನಿಲ್ಲಿಸಿದ್ದು ತಪ್ಪಾಯಿತು.

ಆ ಪೆಟ್ಟಿನ ಬಳಿಕ ಅನೇಕರು, ‘ಕಣ್ಣಿಗೆ ಕಾಣುವ ಭೂಮಿಯೇ ಲೇಸು, ಅದನ್ನು ಯಾರೂ ಹೊತ್ತುಕೊಂಡು ಓಡಲಾರರು’ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಭೂಮಿಯನ್ನು ಹೊತ್ತೊಯ್ಯಲಾಗದಿದ್ದರೂ ಅದರ ಕಾಗದವನ್ನು ಹೊತ್ತೊಯ್ಯಬಹುದಲ್ಲವೇ?

ನಾವು ಶುಲ್ಕ ತೆತ್ತು ಕಲಿತ ಪಾಠ

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ವರ್ಷಗಳ ಹಿಂದೆ ನಮ್ಮ ತಂದೆಯವರು ನಿವೃತ್ತರಾದಾಗ ಬಂದ ಹಣದಿಂದ ಪಟ್ಟಣವೊಂದರ ಅಂಚಿನಲ್ಲಿ ನಾವು ಒಂದು ಗುಂಟೆಯ ಸೈಟು ಕೊಂಡೆವು. ತೋರಿಸಿದವರು ಪ್ರತಿ ಶುಕ್ರವಾರ ನಮ್ಮೊಡನೆ ಸಾಲಿನಲ್ಲಿ ನಿಲ್ಲುತ್ತಿದ್ದವರು. ನೀಲಿ ನಕ್ಷೆಯಿತ್ತು, ಕಲ್ಲು ನೆಟ್ಟಿತ್ತು, ಉದ್ಯಾನಕ್ಕೂ ಜಾಗ ಬಿಟ್ಟಿದ್ದರು. ನೋಂದಾಯಿತ ಕ್ರಯಪತ್ರದ ಬದಲು ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟು, ‘ಖಾತೆಯಾದ ಮೇಲೆ ರಿಜಿಸ್ಟರ್ ಮಾಡಿಸೋಣ’ ಎಂದರು. ಖಾತೆ ಆಗಲೇ ಇಲ್ಲ. ಜಮೀನು ಕೃಷಿ ಭೂಮಿಯಾಗಿಯೇ ಉಳಿದಿತ್ತು; ಬಡಾವಣೆಗೆ ಅನುಮೋದನೆಯೇ ಇರಲಿಲ್ಲ. ಅಷ್ಟರಲ್ಲಿ, ಮಾರಿದವರ ಸಹೋದರಿಯೊಬ್ಬರು ತಮ್ಮ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಹತ್ತಿರ ಹತ್ತು ವರ್ಷಗಳ ಅಲೆದಾಟದ ಬಳಿಕ ರಾಜಿಯಲ್ಲಿ ಅರ್ಧದಷ್ಟು ಹಣ ಮರಳಿತು. ತಂದೆಯವರು ಅದನ್ನು ಕಾಣಲಿಲ್ಲ.

ಆ ಸಹೋದರಿಯ ಮೇಲೆ ನಮಗೆ ಆಗ ಬಹಳ ಕೋಪವಿತ್ತು. ಆ ಕೋಪದ ಬಗ್ಗೆ ಕೊನೆಯಲ್ಲಿ ಹೇಳುತ್ತೇವೆ.

ಸೈಟು: ಎಲ್ಲರ ಮೊದಲ ಆಯ್ಕೆ

ಹೊಸದಾಗಿ ಹಣ ಹೂಡುವವರ ಮನಸ್ಸಿಗೆ ಮೊದಲು ಬರುವುದು ಸೈಟು. ಲೆಕ್ಕ ನೋಡೋಣ. ಮಾತಿಗೆ 10 ಲಕ್ಷ ರೂಪಾಯಿಯ ಸೈಟೆಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಒಟ್ಟು ಸುಮಾರು ಶೇಕಡಾ 7.6, ಅಂದರೆ 76 ಸಾವಿರ. ಐದು ವರ್ಷಗಳ ನಂತರ 13 ಲಕ್ಷಕ್ಕೆ ಮಾರಿದರೆ ‘ಮೂರು ಲಕ್ಷ ಲಾಭ’ ಎನ್ನುತ್ತೇವೆ. ವಾಸ್ತವದಲ್ಲಿ ಉಳಿಯುವುದು 2 ಲಕ್ಷ 24 ಸಾವಿರ. ವರ್ಷಕ್ಕೆ ಶೇಕಡಾ 4ರ ಆಸುಪಾಸು. ಅದರಲ್ಲಿ ದಲ್ಲಾಳಿಯ ಕಮಿಷನ್ನೂ ತೆರಿಗೆಯೂ ಕಳೆಯಬೇಕು. ಐದು ವರ್ಷಗಳಲ್ಲಿ ಅದು ಒಂದು ರೂಪಾಯಿ ಬಾಡಿಗೆಯನ್ನೂ ತಂದಿರುವುದಿಲ್ಲ.

ಸೈಟು ಕೊಳ್ಳಲೇಬಾರದೆಂದಲ್ಲ. ಮನೆ ಕಟ್ಟಿಕೊಳ್ಳಲು ಕೊಳ್ಳುವುದು ಬೇರೆ, ಬೆಲೆ ಏರುತ್ತದೆಂಬ ಸುದ್ದಿ ನಂಬಿ ಕೊಳ್ಳುವುದು ಬೇರೆ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮಾರ್ಗವಾಗಿ ರಾಯದುರ್ಗಕ್ಕೆ ರೈಲು ಎಂಬ ಮಾತು ಎಷ್ಟು ವರ್ಷಗಳಿಂದ ಕೇಳಿಬರುತ್ತಿದೆ! ಆ ರೈಲಿನ ಹೆಸರಿನಲ್ಲಿ ಎಷ್ಟು ಸೈಟುಗಳು ಕೈ ಬದಲಾಯಿಸಿವೆ! ವಸಂತನರಸಾಪುರದ ಕೈಗಾರಿಕಾ ಪ್ರದೇಶ ನಿಜ. ಆದರೆ ಅದರಿಂದ ಹತ್ತಾರು ಮೈಲಿ ದೂರದ ಹೊಲವೊಂದು ನಾಳೆಯೇ ನಗರವಾಗುತ್ತದೆಂಬುದು ದಲ್ಲಾಳಿಯ ಕನಸು, ನಮ್ಮ ಸಾಲ.

ತಿಂಗಳ ಕಂತಿನಲ್ಲಿ ಸೈಟು ಕೊಡುತ್ತೇವೆ ಎನ್ನುವವರ ಬಗ್ಗೆಯೂ ಎಚ್ಚರವಿರಲಿ. 2016ರ ರೇರಾ ಕಾಯಿದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರುವಂತಿಲ್ಲ, ಜಾಹೀರಾತು ಕೂಡ ಕೊಡುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ; ಮೌನವೇ ಉತ್ತರವಾದರೆ ಎದ್ದು ಬನ್ನಿ.

ಬಾಡಿಗೆಯ ಅಂಗಡಿ, ಪಾಲುದಾರಿಕೆ

ಎರಡನೆಯ ದಾರಿ, ಬಾಡಿಗೆ ತರುವ ಮಳಿಗೆ ಅಥವಾ ಮನೆ. ಇದರಲ್ಲಿ ಹಣ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ವಿಧವೆಗೂ ವೃದ್ಧರಿಗೂ ಇದು ಸೈಟಿಗಿಂತ ಹಿತ. ಖಾಲಿ ಬೀಳುವ ತಿಂಗಳುಗಳನ್ನೂ ದುರಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಬ್ಬರಿಂದಾಗದಿದ್ದರೆ ನಾಲ್ವರು ಸೇರಿ ಕೊಳ್ಳಬಹುದು. ಲಾಭನಷ್ಟಗಳಲ್ಲಿ ಪಾಲು ಹೊಂದುವ ಈ ವ್ಯವಹಾರ ನಮಗೆ ಹೊಸದಲ್ಲ. ಆದರೆ ‘ನಮ್ಮವರೇ, ಬರೆಯುವುದೇಕೆ?’ ಎಂಬುದೇ ನಮ್ಮ ಕಾಯಿಲೆ. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಆದೇಶಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವೆಂಬುದನ್ನು ಮರೆತೆವು. ಕ್ರಯಪತ್ರದಲ್ಲಿ ಎಲ್ಲರ ಹೆಸರು, ಎಲ್ಲರ ಪಾಲು ನಮೂದಾಗಲಿ. ಒಬ್ಬ ಹೊರಹೋಗಬಯಸಿದರೆ ಬೆಲೆ ಕಟ್ಟುವವರು ಯಾರು, ಒಬ್ಬ ಮರಣ ಹೊಂದಿದರೆ ಮಾಡುವುದೇನು ಎಂಬುದನ್ನು ಮೊದಲೇ ಬರೆದಿಡಿ.

ಭೋಗ್ಯವೆಂಬ ಬಲೆ

ನಮ್ಮ ಪಟ್ಟಣಗಳಲ್ಲಿ ‘ಲೀಸ್’ ಅಥವಾ ಭೋಗ್ಯ ಸಾಮಾನ್ಯ. ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಹಣ ವಾಪಸು ಪಡೆಯುವುದು. ಕೊಟ್ಟ ಸಾಲದ ಮೇಲೆ ವಾಸದ ಲಾಭ ಪಡೆಯುವುದರಿಂದ ಇದು ಬಡ್ಡಿಯ ಮತ್ತೊಂದು ರೂಪವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಧರ್ಮದ ಮಾತು ಹಾಗಿರಲಿ, ಲೋಕದ ಮಾತನ್ನೇ ನೋಡಿ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು, ಮಾಲೀಕ ಕಂತು ಕಟ್ಟದಿದ್ದರೆ ಮನೆ ಹರಾಜಾಗುತ್ತದೆ, ಭೋಗ್ಯದವರು ಬೀದಿಗೆ ಬರುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಎಷ್ಟು ಮಂದಿ ನೋಂದಾಯಿಸಿದ್ದೇವೆ?

ಮಾರದೆ ಆದಾಯ: ಪಾವಗಡದ ಪಾಠ

ಭೂಮಿಯುಳ್ಳವರಿಗೆ ನೆರೆಯ ಪಾವಗಡ ಒಂದು ಪಾಠ ಕಲಿಸಿದೆ. 2018ರಲ್ಲಿ ಆರಂಭವಾದ ಅಲ್ಲಿನ ಸೌರ ಉದ್ಯಾನಕ್ಕಾಗಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯನ್ನು ಸರ್ಕಾರ ವಶಪಡಿಸಿಕೊಳ್ಳಲಿಲ್ಲ, ರೈತರು ಮಾರಲೂ ಇಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ 28 ವರ್ಷಗಳ ಗುತ್ತಿಗೆ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಐದು ಎಕರೆಯ ರೈತನಿಗೆ ಮೊದಲ ವರ್ಷವೇ 1 ಲಕ್ಷ 5 ಸಾವಿರ. ಬರಡು ಭೂಮಿಯನ್ನು ಕೈಬಿಡದೆ ಆದಾಯ ಪಡೆಯುವ ದಾರಿ ಇದು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣ ಬರಲಿಲ್ಲ, ಕೂಲಿಯೂ ಹೋಯಿತು. ನಮ್ಮ ಲಾಭದ ಲೆಕ್ಕದಲ್ಲಿ ಅವರಿಗೂ ಒಂದು ಸಾಲು ಇರಬೇಡವೇ?

ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79-ಎ ಮತ್ತು 79-ಬಿ ಕಲಮುಗಳನ್ನು ಸರ್ಕಾರ 2020ರಲ್ಲಿ ತೆಗೆದುಹಾಕಿತು. ಬಾಗಿಲು ತೆರೆದಿದೆ ನಿಜ. ಸಣ್ಣ ರೈತನ ಸಂಕಷ್ಟದ ದಿನ ನೋಡಿ ಅಗ್ಗಕ್ಕೆ ಭೂಮಿ ಕಸಿಯುವವರ ಸಾಲಿನಲ್ಲಿ ನಾವಿರಬಾರದು.

ಸಣ್ಣ ಹಣಕ್ಕೆ ‘ರೀಟ್’

ಕೆಲವೇ ನೂರು ರೂಪಾಯಿಗಳಿಂದ ಕಟ್ಟಡದಲ್ಲಿ ಪಾಲು ಪಡೆಯುವ ದಾರಿಯೂ ಈಗ ಇದೆ. ಇದಕ್ಕೆ ‘ರೀಟ್’ ಎನ್ನುತ್ತಾರೆ. ದೊಡ್ಡ ಕಚೇರಿ ಸಂಕೀರ್ಣಗಳನ್ನು ಒಂದು ಟ್ರಸ್ಟ್ ಹೊಂದಿದ್ದು, ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುತ್ತದೆ. ದೇಶದ ಮೊದಲ ರೀಟ್ ಆದ ಎಂಬಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇಕಡಾ 90ನ್ನು ಹಂಚಲೇಬೇಕೆಂಬುದು ಸೆಬಿಯ ನಿಯಮ. 2021ರಿಂದ ಡಿಮ್ಯಾಟ್ ಖಾತೆಯ ಮೂಲಕ ಒಂದೇ ಒಂದು ಯೂನಿಟನ್ನೂ ಕೊಳ್ಳಬಹುದು. ಬೇಡವೆನಿಸಿದ ದಿನ ಮಾರಬಹುದು. ಸೈಟಿಗೆ ಈ ಅನುಕೂಲವಿಲ್ಲ. ಆದರೆ ಯೂನಿಟಿನ ಬೆಲೆ ಏರಿಳಿಯುತ್ತದೆ. ಈ ಟ್ರಸ್ಟುಗಳು ಬಡ್ಡಿಯ ಸಾಲವನ್ನೂ ಪಡೆಯುತ್ತವೆ. ಬಾಡಿಗೆದಾರರಲ್ಲಿ ಹಣಕಾಸು ಸಂಸ್ಥೆಗಳೂ ಇರುತ್ತವೆ. ಆದ್ದರಿಂದ ಹಣ ಹಾಕುವ ಮುನ್ನ ಬಲ್ಲ ವಿದ್ವಾಂಸರನ್ನು ಕೇಳಿರಿ. ಮಾರುವವನು ತಾನೇ ತೋರಿಸುವ ಫತ್ವಾವನ್ನು ಮಾತ್ರ ನಂಬಬೇಡಿ.

ಕಾಗದ ಮೊದಲು, ಮುಂಗಡ ಅನಂತರ

ದಾರಿ ಯಾವುದಾದರೂ ಆಗಲಿ, ಭೂಮಿ ಕೊಳ್ಳುವಾಗ ಕೆಲವನ್ನು ನೋಡಲೇಬೇಕು. ಪಹಣಿ ಮತ್ತು ಮ್ಯುಟೇಶನ್‌ನಲ್ಲಿ ಮಾರುವವನ ಹೆಸರಿದೆಯೇ? ಕನಿಷ್ಠ 30 ವರ್ಷಗಳ ಋಣಭಾರ ಪತ್ರದಲ್ಲಿ ಸಾಲ, ಅಡಮಾನ ಕಾಣುತ್ತದೆಯೇ? ಜಮೀನಿನ ಒಂದು ಭಾಗವಾದರೆ 11-ಇ ನಕ್ಷೆಯಿದೆಯೇ? ಸೈಟಾದರೆ ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ-ಖಾತೆ ಇವೆಯೇ? 2025ರಲ್ಲಿ ಪಟ್ಟಣಗಳಲ್ಲಿ ಬಿ-ಖಾತೆ ಅಭಿಯಾನ ನಡೆಯಿತು. ಬಿ-ಖಾತೆ ತೆರಿಗೆ ಕಟ್ಟುವ ದಾರಿ ಮಾತ್ರ, ಅನುಮೋದನೆಯಲ್ಲ. ಜನರಲ್ ಪವರ್ ಆಫ್ ಅಟಾರ್ನಿಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಇನ್ನೆರಡು ಬಗೆಯ ಭೂಮಿಯಿಂದ ದೂರವಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲವೆಂದು 1978ರ ಕಾಯಿದೆ ಹೇಳುತ್ತದೆ. ಅದನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸೇರಿಸಿದೆ. ಇನ್ನೊಂದು, ವಕ್ಫ್ ಭೂಮಿ. ಅದನ್ನು ಮಾರುವಂತಿಲ್ಲ, ಕೊಳ್ಳುವಂತೆಯೂ ಇಲ್ಲ. ವಕ್ಫ್ ಆಸ್ತಿಯನ್ನು ಸರ್ಕಾರ ಕಬಳಿಸುತ್ತದೆಂದು ಕೂಗುವ ನಮ್ಮಲ್ಲೇ ಕೆಲವರು ಅದರ ಮೇಲೆ ಅಂಗಡಿ ಕಟ್ಟಿ ಬಿಡಿಗಾಸು ಬಾಡಿಗೆ ಕೊಡುತ್ತಿದ್ದಾರೆ. ಈ ಕಹಿ ಸತ್ಯವನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಆ ಸಹೋದರಿಯ ಪಾಲು

ಈಗ ಆ ಕೋಪದ ಮಾತಿಗೆ ಬರೋಣ. ನ್ಯಾಯಾಲಯದ ಪಡಸಾಲೆಯಲ್ಲಿ ಆ ಮಹಿಳೆಯನ್ನು ಕಂಡಾಗಲೆಲ್ಲ ನಮ್ಮ ಹಣ ಮುಳುಗಿಸಿದವಳೆಂದು ಮುಖ ತಿರುಗಿಸುತ್ತಿದ್ದೆವು. ಒಂದು ದಿನ ಅವರು ನಮ್ಮ ತಾಯಿಯವರ ಬಳಿ ಕುಳಿತು, ‘ತಂದೆ ತೀರಿದ ಮೇಲೆ ಒಂದು ಸೀರೆ ಕೊಟ್ಟು ಕಳುಹಿಸಿದರಮ್ಮ, ನನ್ನ ಸಹಿಯನ್ನೂ ಕೇಳಲಿಲ್ಲ’ ಎಂದರು. ನಮ್ಮ ತಾಯಿಯವರು ಏನೂ ಹೇಳದೆ ಕುಳಿತರು. ಮನೆಗೆ ಬಂದ ಮೇಲೆ, ‘ನನಗೂ ಹಾಗೆಯೇ ಅಲ್ಲವೇ’ ಎಂದರು.

ಹೆಣ್ಣುಮಕ್ಕಳ ಪಾಲನ್ನು ಕುರ್‌ಆನ್ ಸ್ಪಷ್ಟವಾಗಿ ನಿಗದಿಪಡಿಸಿದೆ. ಹಿಂದೂ ಬಾಂಧವರಲ್ಲಿ 2005ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟ್ ತೀರ್ಪೂ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿವೆ. ಆದರೂ ಎರಡೂ ಸಮುದಾಯಗಳಲ್ಲಿ ಸಹೋದರಿ ಕೇಳಿದರೆ ಅವಳು ತವರು ಕಳೆದುಕೊಳ್ಳುತ್ತಾಳೆ. ಆದ್ದರಿಂದ ಭೂಮಿ ಕೊಳ್ಳುವವರು ವಂಶವೃಕ್ಷ ಕೇಳಲಿ. ಎಲ್ಲ ಸಹೋದರಿಯರೂ ಸಹಿ ಹಾಕಿದ್ದಾರೆಯೇ, ಅವರಿಗೆ ಹಣ ಸಂದಿದೆಯೇ ಎಂದು ಅವರನ್ನೇ ಕಂಡು ವಿಚಾರಿಸಲಿ. ಇದು ವಕೀಲರು ಹೇಳುವ ಎಚ್ಚರಿಕೆಯೂ ಹೌದು, ನಮ್ಮ ಈಮಾನಿನ ಪರೀಕ್ಷೆಯೂ ಹೌದು. ಬಡ್ಡಿಯಿಲ್ಲದ ಹಣದಲ್ಲಿ ಕೊಂಡರೂ ಅನ್ಯರ ಹಕ್ಕು ಬೆರೆತ ಭೂಮಿ ಹಲಾಲ್ ಆಗುವುದೇ?

ಸಹೋದರರೇ, ಹೂಡಿಕೆಗೆ ಹೊರಡುವ ಮುನ್ನ ಮನೆಯಲ್ಲೇ ಒಂದು ಕೆಲಸವಿದೆ. ನಮ್ಮ ಸಹೋದರಿಯರಿಗೆ ನಾವು ಕೊಡಬೇಕಾದುದನ್ನು ಮೊದಲು ಕೊಟ್ಟುಬಿಡೋಣ. ನಾವು ಕೊಟ್ಟಿದ್ದೇವೆ, ತಡವಾಗಿ ಕೊಟ್ಟಿದ್ದೇವೆ. ಉಳಿದ ಹಣ ಸ್ವಲ್ಪವೇ ಆಗಿರಬಹುದು. ಆದರೆ ಅದನ್ನು ಎಲ್ಲಿ ಹೂಡಿದರೂ ರಾತ್ರಿ ನಿದ್ದೆ ಬರುತ್ತದೆ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ, ಅನ್ಯರ ಹಕ್ಕನ್ನು ಕಬಳಿಸದಂತೆ ನಮ್ಮನ್ನು ಕಾಪಾಡಲಿ. ಆಮೀನ್.