ಮನೆಯೊಳಗಣ ಮಂಜಿನ ಕಾಡು



ಉಷ್ಣವಲಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಸುಡುಬಿಸಿಲು, ಧಗೆ, ಬೆವರು. ಆದರೆ ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದ ರಾಜಧಾನಿಯಾದ ಕೀಟೋ ನಗರವನ್ನು ನೋಡಿ. ಭೂಮಧ್ಯರೇಖೆಯ ಮಗ್ಗುಲಲ್ಲೇ ಇರುವ ಈ ಊರಿನಲ್ಲಿ ಸಂಜೆಯಾದರೆ ಉಣ್ಣೆಯ ಬಟ್ಟೆ ಬೇಕು. ಅದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರು ಎತ್ತರದಲ್ಲಿದೆ. ಸಾವಿರ ಮೀಟರು ಮೇಲೇರಿದರೆ ತಾಪಮಾನ ಸರಿಸುಮಾರು 6 ಡಿಗ್ರಿಯಷ್ಟು ಇಳಿಯುತ್ತದೆ. ಹೀಗಾಗಿ ಅಲ್ಲಿ ವರ್ಷವಿಡೀ ಹಗಲು ಕಾರ್ತಿಕ, ಇರುಳು ಮಾಗಿ. ಉಷ್ಣವಲಯದಲ್ಲಿ ಹುಟ್ಟಿಯೂ ಸೆಕೆಯನ್ನು ಕಾಣದ ಗಿಡಗಳಿವೆ ಎಂದರೆ ಅಚ್ಚರಿಪಡಬೇಕಾಗಿಲ್ಲ. ಅಂಥ ಒಂದು ಆರ್ಕಿಡ್‌ನ ವಿಚಾರವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಅದರ ಕುಲದ ಹೆಸರು ಡ್ರಾಕುಲಾ. ಹೆಸರು ಕೇಳಿ ಅಂಜಬೇಕಾದ್ದಿಲ್ಲ. ಪುಟ್ಟ ಘಟಸರ್ಪ ಎಂಬುದಷ್ಟೇ ಅದರ ಅರ್ಥ. ಮೊದಲು ಮಸ್ಡೆವಾಲಿಯಾ ಕುಲದೊಳಗೆ ಸೇರಿದ್ದ ಈ ಗಿಡಗಳನ್ನು ಅಮೆರಿಕದ ಸಸ್ಯವಿಜ್ಞಾನಿ ಕಾರ್ಲೈಲ್ ಲೂಯರ್ 1978ರಲ್ಲಿ ಬೇರ್ಪಡಿಸಿ ಪ್ರತ್ಯೇಕ ಕುಲವನ್ನಾಗಿಸಿದರು. ನೂರಕ್ಕೂ ಮಿಕ್ಕ ಪ್ರಭೇದಗಳುಳ್ಳ ಈ ಕುಲದ ಮುಖ್ಯ ತವರು ಕೊಲಂಬಿಯಾ ಮತ್ತು ಇಕ್ವೆಡಾರ್‌ಗಳ ಆಂಡಿಸ್ ಪರ್ವತದ ಇಳಿಜಾರು. ಹಗಲಲ್ಲೂ ಮೋಡ ಮರಗಳ ನಡುವೆ ನುಸುಳಿ ಹೋಗುವ ಕಾಡು. ಹೂವಿನ ಮೂರು ಪುಷ್ಪಪತ್ರಗಳು ಬುಡದಲ್ಲಿ ಕೂಡಿಕೊಂಡು ತುದಿಯಲ್ಲಿ ಉದ್ದನೆಯ ಬಾಲಗಳಾಗುತ್ತವೆ. ನಡುವಿನ ತುಟಿ ಎಷ್ಟೋ ಪ್ರಭೇದಗಳಲ್ಲಿ ಅಣಬೆಯ ಕೊಡೆಯಡಿಯ ಪದರಗಳಂತೆಯೇ ಕಾಣುತ್ತದೆ; ವಾಸನೆಯೂ ಅಣಬೆಯದೇ. ಅಣಬೆಗೆ ಮುತ್ತುವ ಸಣ್ಣ ನೊಣಗಳನ್ನು ಕರೆದು ಪರಾಗಸ್ಪರ್ಶ ಮಾಡಿಸಿಕೊಳ್ಳುವ ಉಪಾಯವಿದು. ಡ್ರಾಕುಲಾ ಸಿಮಿಯಾ ಎಂಬ ಪ್ರಭೇದದ ಹೂವನ್ನು ನೋಡಿದವರು, ಇದು ಕೋತಿಯ ಮುಖವಲ್ಲವೆ, ಎಂದು ನಗದಿರುವುದಿಲ್ಲ.

ನಮ್ಮ ಮಲೆನಾಡಿನ ಸೀತಾಳೆ ದಂಡೆಯನ್ನು ಬಲ್ಲವರಿಗೆ ಆರ್ಕಿಡ್‌ನ ಬಾಳುವೆಯ ರೀತಿ ಹೊಸದಲ್ಲ. ಮರದ ಮೇಲೆ ಬೆಳೆದರೂ ಅದು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಆಸರೆಯನ್ನಷ್ಟೇ ಪಡೆದು, ಮಳೆಯನ್ನೂ ಗಾಳಿಯ ತೇವವನ್ನೂ ನಂಬಿ ಬಾಳುತ್ತದೆ. ಡ್ರಾಕುಲಾ ಕೂಡ ಇಂಥದೇ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಸೀತಾಳೆಯ ಎಲೆ ದಪ್ಪ, ಬೇರು ದಪ್ಪ. ಬೇಸಗೆಯ ತಿಂಗಳುಗಳನ್ನು ಅದು ತಾಳಿಕೊಳ್ಳಬಲ್ಲುದು. ಡ್ರಾಕುಲಾದ ಎಲೆ ತೆಳು, ಬೇರು ಸಣ್ಣದು. ಅನೇಕ ಆರ್ಕಿಡ್‌ಗಳಿಗೆ ನೀರು ಕೂಡಿಡಲು ಇರುವ ಉಬ್ಬುಕಾಂಡವೂ ಇದಕ್ಕಿಲ್ಲ. ಎಂದೂ ತೇವ ಆರದ ಕಾಡಿನಲ್ಲಿ ಹುಟ್ಟಿದ ಗಿಡ ನೀರನ್ನು ಕೂಡಿಡುವುದನ್ನು ಏಕೆ ಕಲಿಯಬೇಕು?

ಈ ಸಂಗತಿಯನ್ನು ಅರಿಯಲು ಯೂರೋಪಿನ ತೋಟಗಾರರಿಗೆ ಬಹುಕಾಲ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿಗೆ ಬಂದ ಆಂಡಿಸ್‌ನ ಆರ್ಕಿಡ್‌ಗಳನ್ನು, ಉಷ್ಣವಲಯದವು ಎಂಬ ಒಂದೇ ಕಾರಣಕ್ಕೆ, ಕಾಯಿಸಿದ ಗಾಜಿನ ಮನೆಗಳಲ್ಲಿ ಇಟ್ಟು ಕೊಂದರು. ತಂಪಾದ, ಗಾಳಿಯಾಡುವ ಮನೆಯಲ್ಲಿ ಬೆಳೆಸಿರೆಂದು ಜೇಮ್ಸ್ ಬೇಟ್‌ಮನ್‌ರಂಥವರು 1860ರ ದಶಕದಲ್ಲಿ ಒತ್ತಿ ಹೇಳಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಅಷ್ಟರಲ್ಲಿ ಬೇಟೆಯೂ ಬಲವಾಗಿತ್ತು. ಕೊಲಂಬಿಯಾದಲ್ಲಿ ಆರ್ಕಿಡ್ ಸಂಗ್ರಹಿಸಿದ ಆಲ್ಬರ್ಟ್ ಮಿಲಿಕನ್ 1891ರ ತನ್ನ ಪುಸ್ತಕದಲ್ಲಿ, ಸುಮಾರು ಹತ್ತು ಸಾವಿರ ಗಿಡಗಳಿಗಾಗಿ ಸುಮಾರು ನಾಲ್ಕು ಸಾವಿರ ಮರಗಳನ್ನು ಕಡಿಸಿದ್ದನ್ನು ಬರೆದಿದ್ದಾನೆ. ಒಂದೊಂದು ಮರಕ್ಕೆ ಎರಡೂವರೆ ಗಿಡ!

ಇನ್ನು ಮನೆಯೊಳಗೆ ಬೆಳೆಸುವ ಬಗೆ. ಇದಕ್ಕೆ ಬೇಕಾದುವು ನಾಲ್ಕು: ತಂಪು, ತೇವ, ನೆರಳು, ಚಲಿಸುವ ಗಾಳಿ. ಹಗಲು 24 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಇರುಳು 12ರಿಂದ 14ಕ್ಕೆ ಇಳಿದರೆ ಲೇಸು. ಗಾಳಿಯ ಆರ್ದ್ರತೆ ಶೇಕಡಾ 80ರ ಆಸುಪಾಸಿನಲ್ಲಿರಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲು 34 ಡಿಗ್ರಿ ಮುಟ್ಟುವುದುಂಟು. ಆದ್ದರಿಂದ ನನ್ನ ಸಿಮಿಯಾ ಗಿಡ ಇರುವುದು ತಂಪುಯಂತ್ರ ಜೋಡಿಸಿದ ಒಂದು ಗಾಜಿನ ಪೆಟ್ಟಿಗೆಯಲ್ಲಿ. ಬೆಳಕಿಗೆ ಎಲ್‌ಇಡಿ ದೀಪ. ಅದು ಹೆಚ್ಚು ಕಾಯುವುದಿಲ್ಲ. ಒಳಗೆ ಅಂಗೈಯಗಲದ ಒಂದು ಫ್ಯಾನು ಹಗಲಿರುಳೂ ತಿರುಗುತ್ತದೆ. ತೇವವಿದ್ದು ಗಾಳಿ ನಿಂತರೆ ಎಲೆ ಕೊಳೆಯುತ್ತದೆ. ಗಾಳಿಯಿದ್ದು ತೇವ ಹೋದರೆ ಹೂವು ನೋಡನೋಡುತ್ತಲೇ ಸೊರಗುತ್ತದೆ.

ಮಡಕೆ ಇದಕ್ಕೆ ಸಲ್ಲದು. ಇತರ ಗಿಡಗಳ ಹೂದಂಟು ಮೇಲಕ್ಕೆ ಏಳುವುದಾದರೆ ಇದರದು ಬಹುಮಟ್ಟಿಗೆ ಕೆಳಮುಖವಾಗಿ ಇಳಿಯುತ್ತದೆ. ಮುಚ್ಚಿದ ಮಡಕೆಯಲ್ಲಿ ನೆಟ್ಟರೆ ಮೊಗ್ಗು ತಳದಲ್ಲೇ ಸಿಕ್ಕಿ ಕೊಳೆಯುತ್ತದೆ. ಮರದ ಪಟ್ಟಿಗಳ ನಡುವೆ ಸಂದು ಬಿಟ್ಟು ಮಾಡಿದ ಬುಟ್ಟಿಯಲ್ಲಿ ಸ್ಫ್ಯಾಗ್ನಂ ಹಾವಸೆ ತುಂಬಿ ತೂಗುಹಾಕಬೇಕು. ಹಾವಸೆ ಒಣಗಬಾರದು, ಹಿಂಡಿದರೆ ನೀರು ಸುರಿಯುವಂತೆಯೂ ಇರಬಾರದು. ನೀರಿನಲ್ಲಿ ಲವಣ ಹೆಚ್ಚಿದ್ದರೆ ಎಲೆಯ ತುದಿ ಕಂದಾಗಿ ಸುಡುತ್ತದೆ. ಕೊಳವೆಬಾವಿಯ ಗಡಸುನೀರು ಇದಕ್ಕೆ ವಿಷವೇ ಸರಿ. ಹಿಡಿದಿಟ್ಟ ಮಳೆನೀರೇ ಉತ್ತಮ. ಗೊಬ್ಬರ ಬಹಳ ತೆಳುವಾಗಿರಲಿ. ಹೂವು ಬಾಡಿ ಉದುರಿತೆಂದು ದಂಟನ್ನು ಕತ್ತರಿಸಬೇಡಿ. ಅದು ಹಸಿರಾಗಿರುವ ತನಕ ಅದರಿಂದಲೇ ಇನ್ನೊಂದು ಮೊಗ್ಗು ಹೊರಡುತ್ತದೆ.

ಬೇಸಗೆಯ ಮಧ್ಯಾಹ್ನ ವಿದ್ಯುತ್ತು ನಿಂತಿತೆನ್ನಿ. ಗಾಜಿನ ಪೆಟ್ಟಿಗೆಯೊಳಗಿನ ಶಾಖ ಬೇಗನೆ ಏರತೊಡಗುತ್ತದೆ. ನೀರು ತುಂಬಿ ಗಡ್ಡೆಕಟ್ಟಿಸಿದ ಸೀಸೆಗಳನ್ನು ಒಳಗಿಟ್ಟು ನಾನು ಹೊತ್ತು ಕಳೆಯುತ್ತೇನೆ. ಯಂತ್ರ, ದೀಪ, ಫ್ಯಾನು, ಮಳೆನೀರು, ಕಾವಲು, ಇಷ್ಟೆಲ್ಲ ಸೇರಿ ಒಂದು ಗಿಡವನ್ನು ಉಳಿಸುತ್ತವೆ. ಆಂಡಿಸ್‌ನ ಕಾಡು ಇದೇ ಕೆಲಸವನ್ನು ಲಕ್ಷೋಪಲಕ್ಷ ಗಿಡಗಳಿಗೆ ಬಿಟ್ಟಿಯಾಗಿ ಮಾಡುತ್ತಿದೆ. ಮರ ಕಡಿದಲ್ಲಿ ಬಿಸಿಲು ಒಳನುಗ್ಗುತ್ತದೆ, ತೇವ ಆರುತ್ತದೆ. ಆ ಗಿಡಗಳಿಗೆ ತಂಪಿನ ಸೀಸೆ ಇಡುವವರು ಯಾರು?

ಅಲ್ಲಿನ ಜನ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ದರು ಎಂಬುದು ಸಮಾಧಾನದ ಮಾತು. ಇಕ್ವೆಡಾರ್‌ನ 2008ರ ಸಂವಿಧಾನ ಪ್ರಕೃತಿಗೇ ಹಕ್ಕುಗಳಿವೆಯೆಂದು ಒಪ್ಪಿದೆ. ಡ್ರಾಕುಲಾಗಳ ಬೀಡಾದ ಲೋಸ್ ಸೆದ್ರೋಸ್ ರಕ್ಷಿತಾರಣ್ಯದಲ್ಲಿ ಗಣಿಗಾರಿಕೆ ಈ ಹಕ್ಕುಗಳಿಗೆ ವಿರುದ್ಧವೆಂದು ಆ ದೇಶದ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಈ ಹೂವು ಅಣಬೆಯ ವೇಷದಿಂದ ನೊಣವನ್ನು ಹೇಗೆ ಸೆಳೆಯುತ್ತದೆಂದು ಕೃತಕ ಹೂಗಳನ್ನು ಇಟ್ಟು ವಿಜ್ಞಾನಿಗಳು ಪರೀಕ್ಷಿಸಿದ್ದೂ ಅದೇ ಕಾಡಿನಲ್ಲಿ.

ಹಾಗಾದರೆ ನಾವು ಇದನ್ನು ಬೆಳೆಸಬಾರದೆ? ಬೆಳೆಸಬಹುದು, ಕಾಡಿನಿಂದ ಕಿತ್ತು ತಂದುದಾಗಿರಬಾರದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಡಲಲ್ಲಿ ಬುತ್ತಿಯಿಲ್ಲದ್ದು. ಕಾಡಿನಲ್ಲಿ ಅದು ಶಿಲೀಂಧ್ರದ ನೆರವಿನಿಂದ ಮೊಳೆಯುತ್ತದೆ. ಸಕ್ಕರೆ ಬೆರೆಸಿದ ಅಗರ್ ಮೇಲೆ ಆ ನೆರವಿಲ್ಲದೆಯೂ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ಕ್ನುಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಮರ ಕಡಿಯುವುದಕ್ಕೆ ನೆಪವೇ ಉಳಿದಿಲ್ಲ. 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದ ಇಡೀ ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಟ್ಟಿದೆ. ಆದುದರಿಂದ ಕೊಳ್ಳುವವರು ಬೆಲೆ ಕೇಳುವ ಮುನ್ನ, ಇದು ಬೀಜದಿಂದ ಬೆಳೆದ ಸಸಿಯೆ, ಕಾಗದಪತ್ರಗಳಿವೆಯೆ ಎಂದು ಕೇಳಬೇಕು. ತಂಪನ್ನು ಒದಗಿಸಲು ಅನುಕೂಲವಿಲ್ಲದವರು ತಮ್ಮೂರಿನ ಹವೆಗೆ ಒಗ್ಗುವ ಆರ್ಕಿಡ್ ಬೆಳೆಸಿದರೆ ಅದರಲ್ಲಿ ಕಡಿಮೆಯೇನೂ ಇಲ್ಲ. ಒಂದು ಗಿಡಕ್ಕೆ ಏನು ಬೇಕೆಂದು ತಿಳಿದು, ಅದನ್ನು ಕೊಡಲಾರೆವೆಂದಾಗ ಅದನ್ನು ತಾರದಿರುವುದೂ ತೋಟಗಾರಿಕೆಯ ಒಂದು ಭಾಗವೇ.