ರಜೆಯಲ್ಲಿ ಊರು ಅಳೆದವರು

ಪದವಿ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಸಂಶೋಧನೆ ಮಾಡುತ್ತಾರೆಂದರೆ ಕೇಳಿದವರಿಗೆ ಮೊದಲು ನೆನಪಾಗುವುದು ಪ್ರಯೋಗಾಲಯ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವ ಹುಡುಗನಿಗೋ ಹುಡುಗಿಗೋ ರಜೆಯಲ್ಲಿ ಸಂಶೋಧನೆ ಎಂಥದ್ದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ, ಅದೂ ನೂರು ವರ್ಷಕ್ಕೂ ಹಳೆಯದು.

ಮದರಾಸು ವಿಶ್ವವಿದ್ಯಾನಿಲಯದ ಮೊದಲ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಇಂಗ್ಲೆಂಡಿನ ರೈತರ ಚರಿತ್ರೆ ಬರೆದವರು. ಭಾರತದ ಹಳ್ಳಿ ಅವರಿಗೆ ಹೊಸದು. ಆದರೆ ಎದುರಿಗೆ ಕೂತ ವಿದ್ಯಾರ್ಥಿಗಳಲ್ಲಿ ಅನೇಕರು ಹಳ್ಳಿಯಿಂದ ಬಂದವರೇ. 1916ರಲ್ಲಿ ರಜೆಗೆ ಊರಿಗೆ ಹೊರಟವರ ಕೈಗೆ ಅವರು ಒಂದು ಪ್ರಶ್ನಾವಳಿ ಕೊಟ್ಟರು. ಭೂಮಿ ಯಾರದು, ಬೆಳೆ ಏನು, ಕೂಲಿ ಎಷ್ಟು, ಸಾಲ ಎಷ್ಟು ಎಂಬ ಮಾದರಿಯ, ಉಪ್ಪು ಹುಳಿಯಷ್ಟು ಸರಳವಾದ ವಿಚಾರಣೆ. ಅವರು ತಂದ ವರದಿಗಳನ್ನು ಸ್ಲೇಟರ್ ಸಂಪಾದಿಸಿ 1918ರಲ್ಲಿ ಪುಸ್ತಕವಾಗಿಸಿದರು.

ಅಚ್ಚಾದ ಮೇಲೆ ಆ ಬರಹ ಧೂಳು ಹಿಡಿಯಬಹುದಿತ್ತು. ಹಿಡಿಯಲಿಲ್ಲ. 1930ರ ದಶಕದಲ್ಲಿ ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅದೇ ಹಳ್ಳಿಗಳನ್ನು ಮತ್ತೆ ನೋಡಿಸಿ, 1940ರಲ್ಲಿ ಫಲಿತಾಂಶ ಪ್ರಕಟಿಸಿದರು. 1960ರ ದಶಕದಲ್ಲಿ ಮಾರ್ಗರೆಟ್ ಹ್ಯಾಸ್ವೆಲ್, 1980ರ ದಶಕದಲ್ಲಿ ಎಸ್. ಗುಹನ್ ಮತ್ತು ಜೋನ್ ಮೆಂಚರ್ ಅದೇ ಜಾಡು ಹಿಡಿದರು. ಇಂದಿನ ವಿಳ್ಳುಪುರಂ ಜಿಲ್ಲೆಯ ಇರುವೇಲ್‌ಪಟ್ಟು ಎಂಬ ಹಳ್ಳಿಗೆ 2008ರಲ್ಲೂ ಸಂಶೋಧಕರು ಹೋದರು. ಜೀತದ ಆಳುಗಳ ಪದ್ಧತಿ ಕರಗಿದ್ದು, ಜಮೀನುದಾರರ ಹಿಡಿತ ಸಡಿಲಿದ್ದು, ದುಡಿಮೆ ಹೊಲದಾಚೆ ಹರಡಿದ್ದು, ಇವೆಲ್ಲ ಒಂದೇ ಊರಿನಲ್ಲಿ ತೊಂಬತ್ತು ವರ್ಷಗಳುದ್ದಕ್ಕೂ ಕಾಣಲು ಸಿಕ್ಕಿತು. ಒಬ್ಬ ವಿದ್ಯಾರ್ಥಿ ರಜೆಯಲ್ಲಿ ಬರೆದಿಟ್ಟ ಮೊದಲ ಲೆಕ್ಕ ಇಲ್ಲದಿದ್ದರೆ ಹೋಲಿಕೆಗೆ ಆಧಾರವೇ ಇರುತ್ತಿರಲಿಲ್ಲ. ಪಂಡಿತರ ಎಷ್ಟೋ ಸಿದ್ಧಾಂತಗಳಿಗೆ ಇಷ್ಟು ಆಯುಸ್ಸು ಇರುವುದಿಲ್ಲ!

ಹಾಗೆಂದು ಆ ವರದಿಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಆಗ ಕಾಲೇಜು ಮೆಟ್ಟಿಲು ಹತ್ತಿದವರು ಹೆಚ್ಚಾಗಿ ಭೂಮಿಯುಳ್ಳ, ಮೇಲುಜಾತಿಯ ಮನೆಗಳ ಗಂಡುಮಕ್ಕಳು. ಸಾಲ ಕೊಟ್ಟ ಮನೆಯ ಮಗ ಬಂದು ‘ನಿನಗೆ ಸಾಲವೆಷ್ಟು’ ಎಂದರೆ ಕೂಲಿಯಾಳು ಏನು ಹೇಳಿಯಾನು? ಊರು ತನ್ನದೆಂಬುದು ಅನುಕೂಲವೂ ಹೌದು, ತೊಡಕೂ ಹೌದು.

ಈ ತೊಡಕು ಎಳೆಯರಿಗೆ ಮಾತ್ರ ಮೀಸಲಲ್ಲ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದ ಎಂ. ಎನ್. ಶ್ರೀನಿವಾಸ್ ಅದನ್ನು ‘ರಾಂಪುರ’ ಎಂದು ಕರೆದರು. ಊರ ಮುಖಂಡನ ಆಶ್ರಯದಲ್ಲಿದ್ದ ತಮಗೆ ಹಳ್ಳಿ ಕಂಡದ್ದು ಬಹುಮಟ್ಟಿಗೆ ಮೇಲುಜಾತಿಯವರ ಕಣ್ಣಿನಿಂದ ಎಂದು ಮುಂದೆ ಅವರೇ ಒಪ್ಪಿಕೊಂಡರು. ಅಂಥ ವಿದ್ವಾಂಸರಿಗೇ ಹೀಗಾದರೆ ಇಪ್ಪತ್ತರ ಹುಡುಗನನ್ನು ದೂರುವುದು ತರವಲ್ಲ. ತಾನು ಯಾರ ಜಗಲಿಯ ಮೇಲೆ ಕೂತು ಬರೆದೆ ಎಂಬುದನ್ನೂ ಆತ ವರದಿಯಲ್ಲಿ ನಮೂದಿಸಿದರೆ ಮುಂದೆ ಓದುವವರು ಅದನ್ನು ಕಳೆದು ಲೆಕ್ಕ ಹಾಕಿಕೊಳ್ಳುತ್ತಾರೆ.

ಇಂದು ರಜೆಯಲ್ಲಿ ಸಮೀಕ್ಷೆಗೆ ಹೊರಡುವವರ ಕೈಯಲ್ಲಿ ಫೋನಿದೆ, ತರಗತಿಯಲ್ಲಿ ಹೆಣ್ಣುಮಕ್ಕಳಿದ್ದಾರೆ, ದಲಿತರ ಕೇರಿಯಿಂದ ಬಂದವರೂ ಇದ್ದಾರೆ. ಕೇಳುವವರು ಬದಲಾದರೆ ಹೇಳುವವರ ಮಾತೂ ಬದಲಾಗುತ್ತದೆ. ಆದರೆ ಒಂದು ಹಳೆಯ ಕಷ್ಟ ಮಾತ್ರ ಉಳಿದೇ ಇದೆ. ಬೇಸಿಗೆಯ ಬಿಸಿಲಿಗೆ ಹೆದರಿ ಬೆಳಗಿನ ಹತ್ತಕ್ಕೆ ಬಾಗಿಲು ತಟ್ಟಿದರೆ ಸಿಗುವುದು ಮನೆಯಲ್ಲಿ ಉಳಿದವರು. ಕೂಲಿಗೆ ಹೋದವರು ಸಿಗಬೇಕಾದರೆ ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಹೋಗಬೇಕು.